ಹುಚ್ಚುನಾಯಿ ತೋರಿಸಿದ ದಾರಿ

1996ರ ಬೇಸಿಗೆ. ನನಗೆ ಒಂಬತ್ತು ವರ್ಷ. ನಮ್ಮೂರು ಶಹಾಪುರ, ಆದರೆ ಸೂಟಿ ಬಿಟ್ಟರೆ ಸುರಪುರದ ಅಜ್ಜನ ಮನೆ. ಯಾದಗಿರಿ ಆಗಿನ್ನೂ ಜಿಲ್ಲೆ ಆಗಿರಲಿಲ್ಲ, ಮೂರೂ ತಾಲ್ಲೂಕು ಗುಲಬರ್ಗಾ ಜಿಲ್ಲೆಯೊಳಗೇ ಇದ್ದವು. ಟೇಲರ್ ಮಂಜಿಲ್ ಕಡೆ ಹೋಗುವ ಏರಿನಲ್ಲಿ ಗೋಲಿ ಆಡ್ತಿದ್ವಿ. ಎಲ್ಲಿಂದಲೋ ಬಂದ ಒಂದು ಕೆಂದು ಬಣ್ಣದ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಚೀರಿದೆ. ಅದು ನನ್ನನ್ನು ಬಿಟ್ಟು ಪಕ್ಕದ ಓಣಿಯ ಹುಡುಗನ ಕೈ ಹಿಡಿಯಿತು.

ಮನೆಗೆ ಓಡಿ ಬಂದಾಗ ಅಜ್ಜಿ ಸುಣ್ಣದ ಡಬ್ಬಿ ತಂದಿದ್ದಳು. ಯಾರೋ ಖಾರಪುಡಿ ಹಾಕ್ರಿ ಅಂದರು. ಮಾಸ್ತರಿಕೆ ಮಾಡುತ್ತಿದ್ದ ಮಾಮಾ ಮಾತ್ರ ಸಿಟ್ಟಿಗೆದ್ದ: "ಸುಣ್ಣಾ ಬ್ಯಾಡ, ಖಾರಾನೂ ಬ್ಯಾಡ. ಮೊದಲ ಸಾಬೂನ ಹಚ್ಚಿ ತೊಳೀರಿ. ನಾ ಇವನ್ನ ದವಾಖಾನಿಗಿ ಕರ್ಕೊಂಡು ಹೊಂಟೆ." ಬಚ್ಚಲಲ್ಲಿ ನನ್ನ ಕಾಲನ್ನು ಬಟ್ಟೆ ಒಗೆಯುವ ಸಾಬೂನಿನಿಂದ ತಿಕ್ಕಿದ್ದು ಈಗಲೂ ನೆನಪಿದೆ. ಆಮೇಲೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ಒಂದೂರಿನ ದವಾಖಾನೆಯಲ್ಲಿ ಔಷಧ ಮುಗಿದರೆ ಇನ್ನೊಂದೂರಿಗೆ ಬಸ್ಸು. ಹೊಟ್ಟೆ ಕಲ್ಲಿನಂತೆ ಆಗಿತ್ತು.

ಆ ಹುಡುಗನಿಗೆ ನಾಟಿ ಔಷಧ ಕೊಡಿಸಿದರು. ಅವನ ಅಪ್ಪ ಅವ್ವ ಇಬ್ಬರೂ ಕೂಲಿ. ಹದಿನಾಲ್ಕು ದಿನ ಕೂಲಿ ಬಿಟ್ಟು ಬಸ್ಸಿನಲ್ಲಿ ಓಡಾಡುವುದು ಆಗುವ ಮಾತಾಗಿರಲಿಲ್ಲ. ಒಂದೂವರೆ ತಿಂಗಳಿಗೆ ಅವನಿಗೆ ಜ್ವರ ಬಂತು. ನೀರಿನ ತಂಬಿಗೆ ತಂದರೆ ಗಂಟಲು ಹಿಡಿದುಕೊಳ್ಳುತ್ತಿದ್ದ. ಮೂರು ದಿನಕ್ಕೆ ಹೋದ. ನಾಯಿ ಒಂದೇ, ದಿನ ಒಂದೇ.

ಈ ಕತೆ ಈಗ ಯಾಕೆ ನೆನಪಾಯ್ತು ಅಂದರೆ, ಬೆಂಗಳೂರಿನಲ್ಲಿ ಮಿದುಳಿನ ಸಂಶೋಧನೆ ಮಾಡುವ ಗೆಳೆಯನೊಬ್ಬ ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದ. ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ಒಂದು ನರಕೋಶ, ಬೇರು ಬಿಟ್ಟ ಗಿಡದ ಹಾಗೆ. ಅದರ ಸುತ್ತ ಅದರ ಜೊತೆ ಮಾತಾಡುವ ಹತ್ತಾರು ಕೋಶಗಳು. "ಎಷ್ಟು ಚಂದ ಇದೆಯಲ್ಲ, ಹೇಗೆ ಬಣ್ಣ ಹಾಕಿದ್ರಿ?" ಅಂದೆ. "ಬಣ್ಣ ಅಲ್ಲ ಮಾರಾಯ, ರೇಬಿಸ್ ವೈರಸ್" ಅಂದ.

ಹೊಟ್ಟೆಯ ಮೇಲೆ ಕೈ ಹೋಯಿತು.

ಒಂದು ಹುಡುಗನನ್ನು ಕೊಂದ ವೈರಸ್ಸು ಮಿದುಳಿನ ನಕ್ಷೆ ಬರೆಯುವ ಪೆನ್ನು ಆಗಿದ್ದು ಹೇಗೆ? ಈ ಇತಿಹಾಸವನ್ನು ನಮ್ಮ ಊರಿನ ಸೂಜಿಯಿಂದಲೇ ಶುರು ಮಾಡಬಹುದು.

ಕುರಿಯ ಮಿದುಳು

1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಅನ್ನುವ ಹುಡುಗನಿಗೆ ರೇಬಿಸ್ ಲಸಿಕೆ ಹಾಕಿಸಿದರು. ಸೋಂಕಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು. ಆ ಹುಡುಗ ಬದುಕಿದ. ಅದಾದ ಮೇಲೆ ಇಂಡಿಯಾದಲ್ಲಿ ನಾಯಿ ಕಚ್ಚಿಸಿಕೊಂಡ ಬ್ರಿಟಿಷ್ ಸೈನಿಕರನ್ನು ಹಡಗು ಹತ್ತಿಸಿ ಪ್ಯಾರಿಸ್‌ಗೆ ಕಳಿಸುತ್ತಿದ್ದರು. ಇಲ್ಲಿಯ ಜನರಿಗೆ ಆ ಭಾಗ್ಯ ಎಲ್ಲಿಯದು? 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು, 1907ರಲ್ಲಿ ದಕ್ಷಿಣಕ್ಕೆ ಅಂತ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು.

ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ 1911ರ ಹೊತ್ತಿಗೆ ಒಂದು ಸುಲಭದ ದಾರಿ ಕಂಡುಹಿಡಿದರು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಕಾರ್ಬಾಲಿಕ್ ಆಮ್ಲದಲ್ಲಿ ಅದನ್ನು ಸಾಯಿಸಿ, ಆ ಮಿದುಳಿನ ದ್ರಾವಣವನ್ನೇ ಚುಚ್ಚುವುದು. ಅಗ್ಗ, ಊರೂರಿಗೆ ಕಳಿಸಬಹುದು. ನನ್ನ ಹೊಟ್ಟೆಗೆ ಹೋದದ್ದು ಇದರ ಸಂತತಿಯೇ.

ಆದರೆ ಒಂದು ತೊಡಕಿತ್ತು. ಕುರಿಯ ಮಿದುಳು ಒಳಗೆ ಹೋದಾಗ ಕೆಲವರ ದೇಹ ಅದರ ಜೊತೆ ತನ್ನ ಮಿದುಳನ್ನೂ ಶತ್ರು ಅಂದುಕೊಂಡು ದಾಳಿ ಮಾಡುತ್ತಿತ್ತು. ನಾಯಿಯಿಂದ ಬಚಾವಾದವರು ಲಸಿಕೆಯಿಂದ ಲಕ್ವಾ ಹೊಡೆದು ಮಲಗುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 1980ರ ದಶಕದಲ್ಲೇ ಇಂಥ ರೋಗಿಗಳ ವಿವರವನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಜಗತ್ತಿನ ಬಹಳ ಕಡೆ ಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ ಬಂದ ಮೇಲೂ ನಮ್ಮಲ್ಲಿ ಕುರಿ ಮಿದುಳಿನದೇ ನಡೆಯುತ್ತಿತ್ತು. ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಅಂದರೆ ಮೊಬೈಲ್ ಬಂದ ಮೇಲೆ.

ದಾರಿ ಗೊತ್ತಿರುವ ವೈರಸ್ಸು

ರೇಬಿಸ್ ಉಳಿದ ಬಹುಪಾಲು ರೋಗಗಳ ಹಾಗಲ್ಲ. ಅದು ರಕ್ತದಲ್ಲಿ ಹರಿದು ಮೈಯೆಲ್ಲ ತುಂಬಿಕೊಳ್ಳುವುದಿಲ್ಲ. ಕಚ್ಚಿದ ಜಾಗದ ಸ್ನಾಯುವಿನಿಂದ ಹತ್ತಿರದ ನರದ ತುದಿಗೆ ಸೇರಿ, ಆ ನರದೊಳಗೇ ಹಿಮ್ಮುಖವಾಗಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. 1880ರ ದಶಕದ ಕೊನೆಯಲ್ಲಿ ಇಟಲಿಯ ಡಿ ವೆಸ್ಟಿಯಾ ಮತ್ತು ಜಗಾರಿ ಪ್ರಾಣಿಗಳ ನರವನ್ನೇ ಕತ್ತರಿಸಿ, ದಾರಿ ಕಡಿದರೆ ರೋಗ ಮುಂದೆ ಹೋಗುವುದಿಲ್ಲ ಅಂತ ತೋರಿಸಿದ್ದರು.

ನಮ್ಮ ನರಕೋಶಗಳ ಉದ್ದನೆಯ ಬಾಲದೊಳಗೆ ಸಣ್ಣ ಹಳಿಗಳಿವೆ. ತುದಿಯಿಂದ ಸರಕನ್ನು ಕೋಶದ ಕೇಂದ್ರಕ್ಕೆ ಸಾಗಿಸುವ ಗಾಡಿಗಳೂ ಇವೆ. ರೇಬಿಸ್ ಆ ಗಾಡಿ ಹತ್ತುತ್ತದೆ, ಟಿಕೆಟ್ ಇಲ್ಲದೆ. ಒಂದು ಕೋಶದ ಕೇಂದ್ರ ತಲುಪಿದ ಮೇಲೆ ಅಲ್ಲಿ ಮರಿ ಹಾಕಿ, ಆ ಕೋಶಕ್ಕೆ ಸುದ್ದಿ ಕೊಡುವ ಇನ್ನೊಂದು ಕೋಶಕ್ಕೆ ಜಿಗಿಯುತ್ತದೆ. ಎಲ್ಲಿ ಬೇಕಾದಲ್ಲಿ ಅಲ್ಲ, ಎರಡು ನರಕೋಶ ಕೈ ಕುಲುಕುವ ಜಾಗದಲ್ಲಿ ಮಾತ್ರ. ಕೈಗೆ ಕಚ್ಚಿದರೆ ಮಿದುಳು ಹತ್ತಿರ, ಕಾಲಿಗೆ ಕಚ್ಚಿದರೆ ದೂರ. ಕಾಲಿಗಾದರೆ ಲಸಿಕೆಗೆ ಸ್ವಲ್ಪ ಸಮಯ ಸಿಗುತ್ತದೆ. ಇದನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಹುಡುಗನ ಕೈ.

ಒಬ್ಬ ವೈದ್ಯನಿಗೆ ಇದು ದುಃಸ್ವಪ್ನ. ಆದರೆ ಮಿದುಳಿನ ನಕ್ಷೆ ಬೇಕಾದವನ ಕಣ್ಣಿನಿಂದ ನೋಡಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಒಂದೊಂದಕ್ಕೂ ಸಾವಿರಾರು ನಂಟು. ಯಾವುದು ಯಾವುದಕ್ಕೆ ಜೋಡಣೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು, ಇಡೀ ಬೆಂಗಳೂರಿನ ಕೇಬಲ್ ವೈರುಗಳನ್ನು ಒಂದೇ ಫೋಟೋದಲ್ಲಿ ನೋಡಿ ಯಾವ ಮನೆಗೆ ಯಾವ ವೈರು ಅಂತ ಹೇಳಿದ ಹಾಗೆ. ಆದರೆ ರೇಬಿಸ್‌ಗೆ ಅದು ಗೊತ್ತು. 1995ರಲ್ಲಿ ಗೇಬ್ರಿಯೆಲ್ಲಾ ಉಗೊಲಿನಿ ಇಲಿಯ ನಾಲಿಗೆಯ ನರಕ್ಕೆ ರೇಬಿಸ್ ಕೊಟ್ಟು, ಅದು ಹೆಜ್ಜೆ ಹೆಜ್ಜೆಯಾಗಿ ಯಾವ ಕೋಶದಿಂದ ಯಾವ ಕೋಶಕ್ಕೆ ಹೋಯಿತು ಅಂತ ಹಿಂಬಾಲಿಸಿ ಬರೆದರು. ಸಮಸ್ಯೆ ಒಂದೇ: ವೈರಸ್ಸು ನಿಲ್ಲುವುದಿಲ್ಲ. ಒಂದು ಹೆಜ್ಜೆ ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಅಂತ ಖಚಿತವಾಗಿ ಹೇಳುವುದು ಕಷ್ಟ.

ಹಲ್ಲು ಕಿತ್ತ ವರ್ಷ

ರೇಬಿಸ್ ವೈರಸ್ಸಿಗೆ ಇರುವುದು ಐದೇ ಜೀನುಗಳು, ಒಟ್ಟು ಸುಮಾರು 12,000 ಅಕ್ಷರ. ಅದರಲ್ಲಿ ಒಂದು, ಜಿ ಅನ್ನುವ ಜೀನ್, ವೈರಸ್ಸಿನ ಮೈಮೇಲಿನ ಮುಳ್ಳುಗಳನ್ನು ಮಾಡುತ್ತದೆ. ಹೊಸ ಕೋಶದ ಬಾಗಿಲು ತೆರೆಯುವುದು ಆ ಮುಳ್ಳೇ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಮೆಬಾಟ್ಸಿಯನ್, ಕ್ಯೋನಿಗ್ ಮತ್ತು ಕೊನ್ಸೆಲ್ಮಾನ್ ಆ ಜೀನನ್ನೇ ಕಿತ್ತುಹಾಕಿದ ರೇಬಿಸ್ ವೈರಸ್ ಮಾಡಿದರು. ಅದು ಕೋಶದೊಳಗೆ ಮರಿ ಹಾಕುತ್ತದೆ, ಆದರೆ ಹೊರಗೆ ಬಂದರೂ ಇನ್ನೊಂದು ಮನೆಯ ಬಾಗಿಲು ತೆಗೆಯಲಾರದು. ಈ ಸಂಶೋಧನೆ ಪ್ರಕಟವಾದದ್ದು 1996ರಲ್ಲಿ. ನನ್ನ ಹೊಟ್ಟೆಗೆ ಸೂಜಿ ಬೀಳುತ್ತಿದ್ದ ಅದೇ ವರ್ಷ.

ಹನ್ನೊಂದು ವರ್ಷ ಬಿಟ್ಟು, 2007ರಲ್ಲಿ, ಅಮೆರಿಕದ ಸಾಲ್ಕ್ ಸಂಸ್ಥೆಯ ಇಯಾನ್ ವಿಕರ್‌ಶಾಮ್, ಎಡ್ವರ್ಡ್ ಕ್ಯಾಲವೇ ಮತ್ತು ಸಂಗಡಿಗರು ಕೊನ್ಸೆಲ್ಮಾನ್ ಜೊತೆ ಸೇರಿ ಒಂದು ಚಮತ್ಕಾರ ಮಾಡಿದರು. ಜಿ ಜೀನ್ ಇದ್ದ ಜಾಗದಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಇಟ್ಟರು. ವೈರಸ್ಸಿಗೆ ತನ್ನ ಮುಳ್ಳಿನ ಬದಲು ಹಕ್ಕಿಗಳ ವೈರಸ್ಸೊಂದರ ಅಂಗಿ ತೊಡಿಸಿದರು. ಆ ಅಂಗಿಗೆ ತೆರೆಯುವ ಬಾಗಿಲು ಹಕ್ಕಿಗಳ ಕೋಶದಲ್ಲಿ ಮಾತ್ರ ಇರುತ್ತದೆ, ಸಸ್ತನಿಗಳಲ್ಲಿ ಇಲ್ಲ. ಹಾಗಾಗಿ ಯಾವ ನರಕೋಶ ಬೇಕೋ ಅದಕ್ಕೆ ಮಾತ್ರ ಮೊದಲೇ ಆ ಹಕ್ಕಿಯ ಬಾಗಿಲು ಕೂಡಿಸಿದರು, ಜೊತೆಗೆ ಜಿ ಜೀನನ್ನೂ ಕೊಟ್ಟರು. ಈಗ ವೈರಸ್ಸು ಆ ಕೋಶಕ್ಕೆ ಮಾತ್ರ ಹೋಗುತ್ತದೆ. ಅಲ್ಲಿ ಜಿ ಸಿಗುವುದರಿಂದ ಒಂದೇ ಒಂದು ಸಲ ಜಿಗಿಯುತ್ತದೆ. ಮುಂದಿನ ಕೋಶದಲ್ಲಿ ಜಿ ಇಲ್ಲ, ಅಲ್ಲೇ ಕೂತು ಹಸಿರಾಗಿ ಹೊಳೆಯುತ್ತದೆ.

ಗೆಳೆಯನ ಲ್ಯಾಪ್‌ಟಾಪಿನಲ್ಲಿ ನಾನು ನೋಡಿದ್ದು ಇದನ್ನೇ. ಹುಚ್ಚುನಾಯಿಯ ಹಲ್ಲು ಕಿತ್ತು, ಕೊರಳಿಗೆ ದೀಪ ಕಟ್ಟಿ, ಒಂದೇ ಓಣಿ ತಿರುಗಿ ಬಾ ಅಂತ ಬಿಟ್ಟ ಹಾಗೆ.

ಯಾವ ಮನೆ, ಯಾವ ಸ್ವಿಚ್ಚು

ರೇಬಿಸ್ ನಕ್ಷೆಗೆ ಸರಿ, ಆದರೆ ಅದು ಹೊಕ್ಕ ಕೋಶ ಬಹಳ ದಿನ ಬದುಕುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಸಾಧು ವೈರಸ್ಸೊಂದು ಬೇಕಿತ್ತು. ಅದು 1965ರಲ್ಲೇ ಸಿಕ್ಕಿತ್ತು, ಕಸದಲ್ಲಿ. ಅಡಿನೋವೈರಸ್ಸಿನ ಮಾದರಿಯಲ್ಲಿ ಬೆರೆತು ಬಂದ ಸಣ್ಣ ಕಣಗಳನ್ನು ಅಮೆರಿಕದ ಅಚಿಸನ್ ಮತ್ತು ಸಂಗಡಿಗರು ಗಮನಿಸಿದರು. ಅದೇ ಎಎವಿ. ಮನುಷ್ಯರಿಗೆ ಅದರಿಂದ ಯಾವ ರೋಗವೂ ಬರುವುದು ತಿಳಿದಿಲ್ಲ. ಅದರೊಳಗೆ ಸುಮಾರು 4,700 ಅಕ್ಷರದಷ್ಟು ಜಾಗ. ಅದರ ಸಾಮಾನು ತೆಗೆದು ನಮ್ಮ ಸಾಮಾನು ತುಂಬಬಹುದು.

ಆದರೆ ಮಿದುಳಿನಲ್ಲಿ ನೂರಾರು ಬಗೆಯ ಕೋಶಗಳು ಒಂದರ ಮಗ್ಗುಲಲ್ಲಿ ಒಂದು ಇವೆ. ನಮಗೆ ಬೇಕಾದ ಬಗೆಯಲ್ಲಿ ಮಾತ್ರ ಜೀನ್ ಕೆಲಸ ಮಾಡಬೇಕು. ಅದಕ್ಕೆ ಮೂರು ಉಪಾಯ.

ಮೊದಲನೆಯದು ಅಂಗಿ. ಎಎವಿಯ ಹೊರಕವಚ ಬದಲಿಸಿದರೆ ಅದು ತಟ್ಟುವ ಬಾಗಿಲು ಬದಲಾಗುತ್ತದೆ.

ಎರಡನೆಯದು ಸ್ವಿಚ್ಚು. ನಮ್ಮ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಜೀನ್ ಪುಸ್ತಕ, ಆದರೆ ಒಂದೊಂದು ಬಗೆಯ ಕೋಶ ತನಗೆ ಬೇಕಾದ ಪುಟ ಮಾತ್ರ ಓದುತ್ತದೆ. ಆ ಪುಟದ ಮೊದಲಿಗೆ ಇರುವ ಗುರುತನ್ನು, ಅಂದರೆ ಪ್ರೊಮೋಟರನ್ನು, ನಮ್ಮ ಜೀನಿನ ಮುಂದೆ ಅಂಟಿಸಿದರೆ ಆ ಬಗೆಯ ಕೋಶ ಮಾತ್ರ ಅದನ್ನು ಓದುತ್ತದೆ. ವೈರಸ್ಸು ಹತ್ತು ಮನೆಗೆ ಹೋದರೂ ದೀಪ ಹತ್ತುವುದು ಒಂದೇ ಮನೆಯಲ್ಲಿ.

ಮೂರನೆಯದು ಬೀಗ. ಕ್ರೀ ಅನ್ನುವ ಕಿಣ್ವ ಜೀನಿನ ತುಣುಕನ್ನು ತಿರುಗಿಸಬಲ್ಲದು. ಅದು ಬಂದದ್ದು ಬ್ಯಾಕ್ಟೀರಿಯಾ ತಿನ್ನುವ ವೈರಸ್ಸಿನಿಂದ. ಬೇಕಾದ ಕೋಶಗಳಲ್ಲಿ ಮಾತ್ರ ಕ್ರೀ ಇರುವ ಇಲಿಗಳನ್ನು ಬೆಳೆಸುತ್ತಾರೆ. ವೈರಸ್ಸಿನೊಳಗೆ ಜೀನನ್ನು ಉಲ್ಟಾ ಇಡುತ್ತಾರೆ. ಕ್ರೀ ಇದ್ದ ಕೋಶದಲ್ಲಿ ಅದು ಸುಲ್ಟಾ ಆಗಿ ಕೆಲಸ ಶುರು, ಉಳಿದ ಕಡೆ ಉಲ್ಟಾನೇ. 2008ರ ಹೊತ್ತಿಗೆ ಈ ವಿಧಾನ ಚಾಲ್ತಿಗೆ ಬಂತು.

ಇದರ ಉಪಯೋಗ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಹೆಬ್ಬಾಳದ ಜಿಕೆವಿಕೆ ಆವರಣಕ್ಕೆ ಹೋದರೆ ಸಾಕು. ಅಲ್ಲಿರುವ ಎನ್‌ಸಿಬಿಎಸ್‌ನಲ್ಲಿ ಆಂಚಲ್ ಭಾಟಿಯಾ, ಸಾಹಿಲ್ ಮೋಜಾ ಮತ್ತು ಉಪಿಂದರ್ ಸಿಂಗ್ ಭಲ್ಲಾ 2019ರಲ್ಲಿ ಒಂದು ಕೆಲಸ ಪ್ರಕಟಿಸಿದರು. ಕೆರೆ ನೀರಿನ ಹಸಿರು ಪಾಚಿಯೊಂದರಲ್ಲಿ ಬೆಳಕು ಬಿದ್ದರೆ ತೆರೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಅದನ್ನು ನರಕೋಶಕ್ಕೆ ಕೊಟ್ಟರೆ ಬೆಳಕಿನಿಂದಲೇ ಆ ಕೋಶವನ್ನು ಚಾಲೂ ಮಾಡಬಹುದು ಅಂತ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ತೋರಿಸಿದ್ದರು. ಎನ್‌ಸಿಬಿಎಸ್‌ನವರು ಅದನ್ನು ವೈರಸ್ಸಿನ ಮೂಲಕ ಇಲಿಯ ಹಿಪ್ಪೊಕ್ಯಾಂಪಸ್ಸಿನ ಸಿಎ3 ಅನ್ನುವ ಭಾಗದ ಕೋಶಗಳಿಗೆ ಮಾತ್ರ ಕೊಟ್ಟರು. ನೆನಪು ರೂಪುಗೊಳ್ಳುವ ಜಾಗ ಅದು. ಆಮೇಲೆ ಮಿದುಳಿನ ತೆಳು ಹೋಳಿನ ಮೇಲೆ ಬೆಳಕಿನ ಚೌಕಗಳನ್ನು ಬೇರೆ ಬೇರೆ ವಿನ್ಯಾಸದಲ್ಲಿ ಬೀಳಿಸಿ, ಮುಂದಿನ ಕೋಶಕ್ಕೆ ಏನು ತಲುಪುತ್ತದೆ ಅಂತ ಅಳೆದರು.

ಕಂಡದ್ದು ಸೊಗಸಾಗಿತ್ತು. ಯಾವ ಕೋಶಗಳ ಗುಂಪಿಗೆ ಬೆಳಕು ಹಾಕಿದರೂ ಮುಂದಿನ ಕೋಶಕ್ಕೆ ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡೂ ಒಂದೇ ಪ್ರಮಾಣದಲ್ಲಿ ತಲುಪುತ್ತಿದ್ದವು. ಸುದ್ದಿ ಜೋರಾದಷ್ಟೂ ಬ್ರೇಕ್ ಬೇಗ ಬೀಳುತ್ತಿತ್ತು. ಮೂರ್ಛೆರೋಗದಂಥ ಕಾಯಿಲೆಗಳಲ್ಲಿ ಈ ಸಮತೋಲ ತಪ್ಪುತ್ತದೆ ಅನ್ನುವುದನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ವೈರಸ್ಸು ಸರಿಯಾದ ಮನೆಗೇ ಪಾಚಿಯ ಜೀನ್ ತಲುಪಿಸದಿದ್ದರೆ ಈ ಲೆಕ್ಕ ಹಾಕುವುದು ಸಾಧ್ಯವೇ ಇರಲಿಲ್ಲ.

ಹದಿನಾರು ಕೋಟಿಯ ಸೂಜಿ

ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಮಾತ್ರ ಸುಗಮವಾಗಿರಲಿಲ್ಲ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜೆಸ್ಸಿ ಗೆಲ್ಸಿಂಗರ್, ಹದಿನೆಂಟರ ಹುಡುಗ, ಅಡಿನೋವೈರಸ್ ಬಳಸಿದ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ತೀರಿಕೊಂಡ. ಇಡೀ ಕ್ಷೇತ್ರ ವರ್ಷಗಟ್ಟಲೆ ತಣ್ಣಗಾಯಿತು.

ವಿಳಾಸದ ತಂಟೆಯೂ ಇತ್ತು. 2016ರಲ್ಲಿ ಕ್ಯಾಲ್‌ಟೆಕ್‌ನವರು ರಕ್ತಕ್ಕೆ ಕೊಟ್ಟರೂ ಮಿದುಳಿನ ಗೋಡೆ ದಾಟಿ ಒಳಗೆ ಹೋಗುವ ಎಎವಿ ಒಂದನ್ನು ತಯಾರಿಸಿದರು. ಇಲಿಗಳಲ್ಲಿ ಅದ್ಭುತ. ಆಮೇಲೆ ನೋಡಿದರೆ ಬೇರೆ ತಳಿಯ ಇಲಿಯಲ್ಲಿ ಇಲ್ಲ, ಮಂಗಗಳಲ್ಲೂ ಇಲ್ಲ. ಆ ವೈರಸ್ಸು ತಟ್ಟುತ್ತಿದ್ದ ಬಾಗಿಲು ಕೆಲವು ತಳಿಯ ಇಲಿಗಳಲ್ಲಿ ಮಾತ್ರ ಇತ್ತು ಅಂತ 2019ರಲ್ಲಿ ಗೊತ್ತಾಯಿತು. ಶಹಾಪುರದ ವಿಳಾಸ ಹಿಡಿದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಮನೆ ಹುಡುಕಿದ ಹಾಗೆ.

ಆದರೂ ಅದೇ 2019ರಲ್ಲಿ ಒಂದು ಔಷಧ ಗೆದ್ದಿತು. ಬೆನ್ನುಹುರಿಯ ಚಾಲಕ ನರಕೋಶಗಳು ಸತ್ತು ಮಗುವಿನ ಸ್ನಾಯು ಸೊರಗುವ ಎಸ್‌ಎಂಎ ಕಾಯಿಲೆಗೆ, ಎಎವಿಯೊಳಗೆ ಸರಿಯಾದ ಜೀನ್ ತುಂಬಿ ರಕ್ತನಾಳದ ಮೂಲಕ ಒಂದೇ ಸಲ ಕೊಡುವ ಜೋಲ್ಜೆನ್‌ಸ್ಮಾಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಗಿನ ಬೆಲೆ 21 ಲಕ್ಷ ಡಾಲರ್. ನಮ್ಮಲ್ಲಿ ಅದಕ್ಕೆ "ಹದಿನಾರು ಕೋಟಿಯ ಇಂಜೆಕ್ಷನ್" ಅಂತಲೇ ಹೆಸರು. ಬೆಂಗಳೂರಿನ ಅಪ್ಪ ಅಮ್ಮಂದಿರು ಮಗುವಿನ ಫೋಟೋ ಹಾಕಿ ಹಣ ಕೇಳಿದ ವಾಟ್ಸಾಪ್ ಮೆಸೇಜು ನಿಮಗೂ ಬಂದಿರಬಹುದು. ನೀವೂ ಐನೂರು ರೂಪಾಯಿ ಹಾಕಿರಬಹುದು. 2022ರಲ್ಲಿ ಯುರೋಪು ಇನ್ನೊಂದನ್ನು ಒಪ್ಪಿತು: ಎಎಡಿಸಿ ಕಿಣ್ವದ ಕೊರತೆ ಇರುವ ಮಕ್ಕಳ ಮಿದುಳಿನ ಪುಟಾಮೆನ್ ಅನ್ನುವ ಜಾಗಕ್ಕೆ ನೇರವಾಗಿ ಎಎವಿ ಇಳಿಸುವ ಚಿಕಿತ್ಸೆ. ಕತ್ತು ನಿಲ್ಲದ ಮಕ್ಕಳು ಎದ್ದು ಕೂರುವ ಹಾಗಾಗಿದೆ.

ಇದೆಲ್ಲ ನಿಜ, ದೊಡ್ಡದು. ಆದರೆ ಇದೇ ಕತೆಯ ಇನ್ನೊಂದು ತುದಿ ನಮ್ಮೂರಿನಲ್ಲೇ ಇದೆ.

ಸುರಪುರದ ಲೆಕ್ಕ

2003ರಲ್ಲಿ ಬೆಂಗಳೂರಿನ ಕಿಮ್ಸ್‌ನ ಎಂ. ಕೆ. ಸುದರ್ಶನ್ ಮುಂದಾಳತ್ವದ ರಾಷ್ಟ್ರೀಯ ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 20,565 ಜನ ರೇಬಿಸ್‌ನಿಂದ ಸಾಯುತ್ತಾರೆ ಅಂತ ಅಂದಾಜು ಮಾಡಿತ್ತು. ಐಸಿಎಂಆರ್‌ನ ಇತ್ತೀಚಿನ ಸಮೀಕ್ಷೆಯ ಅಂದಾಜು 5,726. ವರ್ಷಕ್ಕೆ ಪ್ರಾಣಿ ಕಡಿತ ಮಾತ್ರ ಸುಮಾರು 91 ಲಕ್ಷ. ಸಾವು ಇಳಿದಿದೆ, ಸಂತೋಷ. ಆದರೆ ಪೂರ್ತಿ ತಡೆಯಬಹುದಾದ ರೋಗದಲ್ಲಿ ಐದು ಸಾವಿರ ಅಂದರೆ ಕಡಿಮೆ ಅಲ್ಲ. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಎಣಿಸದೆ ತಡೆಯುವುದು ಹೇಗೆ?

ಈಗ ಹೊಟ್ಟೆಗೆ ಸೂಜಿ ಇಲ್ಲ. ತೋಳಿನ ಚರ್ಮಕ್ಕೆ ನಾಲ್ಕು ಭೇಟಿ: 0, 3, 7 ಮತ್ತು 28ನೇ ದಿನ. ಗಾಯ ಆಳವಾಗಿದ್ದರೆ ಗಾಯದೊಳಗೇ ಸೀರಂ. ಎಲ್ಲಕ್ಕಿಂತ ಮೊದಲು ಹದಿನೈದು ನಿಮಿಷ ಸಾಬೂನು ನೀರು. ರೇಬಿಸ್ ವೈರಸ್ಸಿನ ಹೊರಹೊದಿಕೆ ಕೊಬ್ಬಿನದು, ಸಾಬೂನು ಅದನ್ನು ಕರಗಿಸುತ್ತದೆ. ಮಾಮಾಗೆ ಇದು ಗೊತ್ತಿತ್ತೋ ಇಲ್ಲವೋ, ಕೈ ಮಾತ್ರ ಸರಿಯಾದ ಡಬ್ಬಿಗೇ ಹೋಗಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾಮಾನಿಗೆ ಆ ಹಸಿರು ಚಿತ್ರ ಮೊಬೈಲಿನಲ್ಲಿ ತೋರಿಸಿದೆ. ರಿಟೈರ್ ಆಗಿ ಬಹಳ ವರ್ಷ ಆಯ್ತು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಹಲ್ಲು ಕಿತ್ತದ್ದು, ಹಕ್ಕಿಯ ಅಂಗಿ, ಒಂದೇ ಜಿಗಿತ, ಎಲ್ಲ ಹೇಳಿದೆ. ಮಾಸ್ತರ ಅಲ್ಲವೇ, ನಡುನಡುವೆ ಪ್ರಶ್ನೆ ಕೇಳಿದ. ಕೊನೆಗೆ ಸುಮ್ಮನಾಗಿ, "ಆ ಹುಡುಗಗ ಇದು ಏನರ ಉಪಯೋಗ ಆಗ್ತಿತ್ತೇನು?" ಅಂದ.

ಯಾವ ಹುಡುಗ ಅಂತ ಕೇಳುವ ಅಗತ್ಯ ಇರಲಿಲ್ಲ.

"ಇಲ್ಲ ಮಾಮಾ," ಅಂದೆ. "ಅವನಿಗೆ ಬೇಕಿದ್ದದ್ದು ಒಂದು ಸಾಬೂನು, ಹದಿನಾಲ್ಕು ಸೂಜಿ, ಬಸ್ ಚಾರ್ಜು."